ಐತಿಹ್ಯದಿಂದ ಬೆಳ್ಳಿತೆರೆಗೆ: ಎಫ್. ಡಬ್ಲ್ಯು. ಮುರ್ನೌನ ಚಲನಚಿತ್ರ ಜೀವನ ಮತ್ತು ಜನಪದ ಕಥನ

೧. ಪ್ರವೇಶ

ಜನಪದ ಕಥನವೊಂದು ಬಾಯಿಂದ ಬಾಯಿಗೆ ಸಾಗುವ ನೆಲೆಯನ್ನು ಬಿಟ್ಟು ಮುದ್ರಣಕ್ಕೂ, ಅಲ್ಲಿಂದ ರಂಗಭೂಮಿಗೂ, ಮುಂದೆ ಚಲನಚಿತ್ರಕ್ಕೂ ದಾಟುವಾಗ ಅದರಲ್ಲಿ ಉಳಿಯುವುದು ಯಾವುದು, ಅಳಿಯುವುದು ಯಾವುದು, ಹೊಸದಾಗಿ ಸೇರುವುದು ಯಾವುದು ಎಂಬುದು ಜಾನಪದ ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲೊಂದು. ಇದರೊಡನೆ ಇನ್ನೊಂದು ಪ್ರಶ್ನೆಯೂ ಇದೆ. ಹೀಗೆ ದಾಟಿದ ಕಥನದ ಮೇಲೆ ಹಕ್ಕು ಯಾರದು? ಈ ಎರಡು ಪ್ರಶ್ನೆಗಳನ್ನು ಒಬ್ಬನೇ ಕಲಾವಿದನ ಜೀವನದಲ್ಲಿ ಒಟ್ಟಿಗೆ ಪರಿಶೀಲಿಸಲು ಸಾಧ್ಯವಿರುವ ಉದಾಹರಣೆಗಳು ವಿರಳ. ಜರ್ಮನಿಯಲ್ಲಿ ಹೆಸರು ಮಾಡಿ ೧೯೨೬ರಲ್ಲಿ ಹಾಲಿವುಡ್‌ಗೆ ತೆರಳಿದ ನಿರ್ದೇಶಕ ಫ್ರೀಡ್ರಿಕ್ ವಿಲ್‌ಹೆಲ್ಮ್ ಮುರ್ನೌ (೧೮೮೮-೧೯೩೧) ಅಂತಹ ಉದಾಹರಣೆ.

ಚಲನಚಿತ್ರ ಚರಿತ್ರೆಕಾರರು ಮುರ್ನೌನನ್ನು ಬಹುಮಟ್ಟಿಗೆ ಛಾಯಾಗ್ರಹಣದ ತಂತ್ರ, ಬೆಳಕಿನ ವಿನ್ಯಾಸ ಮತ್ತು ಜರ್ಮನ್ ಅಭಿವ್ಯಕ್ತಿವಾದದ ಚೌಕಟ್ಟಿನಲ್ಲಿ ಚರ್ಚಿಸಿದ್ದಾರೆ. ಆತನ ಪ್ರಮುಖ ಚಿತ್ರಗಳಲ್ಲಿ ಮೂರು ನೇರವಾಗಿ ಜನಪದ ನಂಬಿಕೆ ಮತ್ತು ಐತಿಹ್ಯಗಳನ್ನು ಆಧರಿಸಿವೆ ಎಂಬ ಅಂಶಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ‘ನೊಸ್ಫೆರಾಟು’ (೧೯೨೨) ರಕ್ತ ಹೀರುವ ಪ್ರೇತದ ನಂಬಿಕೆಯನ್ನೂ, ‘ಫೌಸ್ಟ್’ (೧೯೨೬) ಆತ್ಮವನ್ನು ಸೈತಾನನಿಗೆ ಮಾರಿಕೊಂಡವನ ಐತಿಹ್ಯವನ್ನೂ, ‘ಟಬು’ (೧೯೩೧) ಪಾಲಿನೇಷ್ಯದ ನಿಷೇಧದ ಕಲ್ಪನೆಯನ್ನೂ ವಸ್ತುವಾಗಿ ಹೊಂದಿವೆ. ಸ್ಟಿತ್ ಥಾಂಪ್ಸನ್ ೧೯೩೨ರಿಂದ ೧೯೩೬ರವರೆಗೆ ಪ್ರಕಟಿಸಿದ ಜನಪದ ಸಾಹಿತ್ಯದ ಆಶಯ ಸೂಚಿಯಲ್ಲಿ ಈ ಮೂರಕ್ಕೂ ಸ್ಥಾನವಿದೆ. ರಕ್ತಪಿಶಾಚಿ ‘ಇ ೨೫೧’ ಎಂಬ ಆಶಯ. ಆತ್ಮವಿಕ್ರಯ ‘ಎಂ ೨೧೧’. ನಿಷೇಧಕ್ಕಂತೂ ‘ಸಿ’ ಎಂಬ ಇಡೀ ವಿಭಾಗವೇ ಮೀಸಲಾಗಿದೆ. ಈ ಹಿನ್ನೆಲೆಯಲ್ಲಿ ಮುರ್ನೌನ ವೃತ್ತಿಜೀವನವನ್ನು ಜನಪದ ಕಥನದ ಸ್ಥಳಾಂತರದ ಚರಿತ್ರೆಯಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೨. ಹುಟ್ಟು, ಶಿಕ್ಷಣ ಮತ್ತು ಯುದ್ಧ

ಮುರ್ನೌ ಹುಟ್ಟಿದ್ದು ೧೮೮೮ರ ಡಿಸೆಂಬರ್ ೨೮ರಂದು, ವೆಸ್ಟ್‌ಫೇಲಿಯ ಪ್ರಾಂತದ ಬೀಲೆಫೆಲ್ಡ್ ಪಟ್ಟಣದಲ್ಲಿ. ಆತನ ಮನೆತನದ ಹೆಸರು ಪ್ಲುಂಪೆ. ಬವೇರಿಯದ ಸರೋವರವೊಂದರ ದಡದಲ್ಲಿರುವ ಮುರ್ನೌ ಎಂಬ ಊರಿನ ಹೆಸರನ್ನು ಆತ ತನ್ನದಾಗಿಸಿಕೊಂಡನು. ಬರ್ಲಿನ್ನಿನಲ್ಲಿ ಭಾಷಾಶಾಸ್ತ್ರವನ್ನೂ ಹೈಡೆಲ್‌ಬರ್ಗಿನಲ್ಲಿ ಸಾಹಿತ್ಯ ಮತ್ತು ಕಲಾಚರಿತ್ರೆಯನ್ನೂ ಅಭ್ಯಾಸ ಮಾಡಿದನು. ವಿದ್ಯಾರ್ಥಿ ನಾಟಕವೊಂದರಲ್ಲಿ ಆತನನ್ನು ಕಂಡ ಪ್ರಸಿದ್ಧ ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ತನ್ನ ನಟನಾ ಶಾಲೆಗೆ ಸೇರಿಸಿಕೊಂಡನು. ನೆರಳು ಬೆಳಕಿನ ಬಳಕೆ ಮತ್ತು ಗುಂಪುಗಳ ಚಲನೆಯಲ್ಲಿ ಮುರ್ನೌ ತೋರಿದ ಹಿಡಿತಕ್ಕೆ ಈ ರಂಗಶಿಕ್ಷಣವೇ ಬುನಾದಿ.

ಮೊದಲನೆಯ ಮಹಾಯುದ್ಧದಲ್ಲಿ ಆತ ಮೊದಲು ಕಾಲಾಳು ಪಡೆಯಲ್ಲಿ, ಅನಂತರ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದನು. ಆತನ ಆಪ್ತ ಗೆಳೆಯ, ಕವಿ ಹಾನ್ಸ್ ಏರೆನ್‌ಬೌಮ್-ಡೇಗೆಲೆ ೧೯೧೫ರಲ್ಲಿ ಪೂರ್ವ ರಣರಂಗದಲ್ಲಿ ಮಡಿದನು. ೧೯೧೭ರಲ್ಲಿ ಮುರ್ನೌನ ವಿಮಾನ ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿ ಇಳಿಯಿತು. ಯುದ್ಧ ಮುಗಿಯುವವರೆಗೆ ಅಲ್ಲಿಯೇ ಬಂಧನದಲ್ಲಿದ್ದನು. ಆತನ ಮೊದಲ ಚಿತ್ರ ತಯಾರಾದದ್ದು ೧೯೧೯ರಲ್ಲಿ. ಒಟ್ಟು ೨೧ ಚಿತ್ರಗಳನ್ನು ನಿರ್ದೇಶಿಸಿದ ಆತನ ಆರಂಭಿಕ ಕೃತಿಗಳಲ್ಲಿ ಅನೇಕವು ಇಂದು ಲಭ್ಯವಿಲ್ಲ.

೩. ‘ನೊಸ್ಫೆರಾಟು’: ನಂಬಿಕೆಯ ಮೂಲ ಮತ್ತು ನ್ಯಾಯಾಲಯದ ತೀರ್ಪು

ರಕ್ತಪಿಶಾಚಿಯ ನಂಬಿಕೆ ಪಶ್ಚಿಮ ಯುರೋಪಿನ ಓದುಗರಿಗೆ ತಲುಪಿದ್ದು ಸರ್ಕಾರಿ ದಾಖಲೆಗಳ ಮೂಲಕ. ಸರ್ಬಿಯದ ಕೆಲವು ಭಾಗಗಳು ಆಸ್ಟ್ರಿಯದ ಆಳ್ವಿಕೆಯಲ್ಲಿದ್ದಾಗ, ೧೭೨೫ರಲ್ಲಿ ಕಿಸಿಲೋವಾ ಗ್ರಾಮದ ಪೀಟರ್ ಬ್ಲಾಗೊಯೆವಿಚ್ ಎಂಬ ಸತ್ತ ರೈತ ಮರಳಿ ಬಂದು ಜನರನ್ನು ಕೊಲ್ಲುತ್ತಿದ್ದಾನೆಂಬ ದೂರು ಅಧಿಕಾರಿಗಳವರೆಗೆ ಹೋಯಿತು. ಮೆದ್ವೆಜಾ ಗ್ರಾಮದ ಆರ್ನೋಲ್ಡ್ ಪೌಲೆಯ ಪ್ರಕರಣದ ಬಗ್ಗೆ ಸೇನಾ ವೈದ್ಯರು ೧೭೩೨ರಲ್ಲಿ ವಿವರವಾದ ವರದಿ ಸಲ್ಲಿಸಿದರು. ಈ ವರದಿಗಳು ಪತ್ರಿಕೆಗಳಲ್ಲಿ ಅಚ್ಚಾಗಿ, ‘ವ್ಯಾಂಪೈರ್’ ಎಂಬ ಪದ ಯುರೋಪಿನ ಹಲವು ಭಾಷೆಗಳಿಗೆ ಹರಡಿತು. ಗ್ರಾಮದಲ್ಲಿ ಸಾಂಕ್ರಾಮಿಕ ಸಾವುಗಳು ಸಂಭವಿಸಿದಾಗ ಹುಟ್ಟಿದ ವಿವರಣೆಯೊಂದು ನಗರದ ಓದುಗರಿಗೆ ಕುತೂಹಲದ ವಸ್ತುವಾಯಿತು.

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿ ಪ್ರಕಟವಾದದ್ದು ೧೮೯೭ರಲ್ಲಿ. ಟ್ರಾನ್ಸಿಲ್ವೇನಿಯದ ಮೂಢನಂಬಿಕೆಗಳ ಬಗ್ಗೆ ಎಮಿಲಿ ಜೆರಾರ್ಡ್ ೧೮೮೫ರಲ್ಲಿ ಬರೆದ ಲೇಖನ ಸ್ಟೋಕರನ ಆಕರಗಳಲ್ಲೊಂದು. ‘ನೊಸ್ಫೆರಾಟು’ ಎಂಬ ಪದವನ್ನು ರುಮೇನಿಯದ ಜನರ ಮಾತೆಂದು ಪರಿಚಯಿಸಿದವಳು ಆಕೆಯೇ. ಆದರೆ ಆ ರೂಪದಲ್ಲಿ ಈ ಪದ ರುಮೇನಿಯನ್ ಭಾಷೆಯಲ್ಲಿ ದೃಢಪಟ್ಟಿಲ್ಲ. ಬೇರೊಂದು ಪದವನ್ನು ತಪ್ಪಾಗಿ ಕೇಳಿಸಿಕೊಂಡು ಬರೆದಿರಬಹುದೆಂಬ ಊಹೆಯಿದೆ. ಸಂಗ್ರಾಹಕರ ಕಿವಿಯಲ್ಲಾದ ಒಂದು ತಪ್ಪು ಕಾದಂಬರಿಗೆ ಹೋಗಿ, ಚಿತ್ರದ ಶೀರ್ಷಿಕೆಯಾಗಿ, ಇಂದು ಪ್ರಪಂಚದಾದ್ಯಂತ ‘ಜನಪದ ಪದ’ವೆಂದೇ ಚಲಾವಣೆಯಲ್ಲಿದೆ. ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆ ಇದೊಂದು ಎಚ್ಚರಿಕೆ.

ಈ ಚಿತ್ರವನ್ನು ತಯಾರಿಸಿದ್ದು ‘ಪ್ರಾಣ ಫಿಲ್ಮ್’ ಎಂಬ ಸಂಸ್ಥೆ. ಅದರ ಸ್ಥಾಪಕರಲ್ಲೊಬ್ಬನೂ ಚಿತ್ರದ ಕಲಾನಿರ್ದೇಶಕನೂ ಆಗಿದ್ದ ಆಲ್ಬಿನ್ ಗ್ರೌ ಗೂಢವಿದ್ಯೆಗಳಲ್ಲಿ ಆಸಕ್ತನಾಗಿದ್ದನು. ಸಂಸ್ಥೆಯ ಹೆಸರು ಸಂಸ್ಕೃತದ ‘ಪ್ರಾಣ’ ಶಬ್ದವೇ ಆಗಿದ್ದು, ಥಿಯಾಸಫಿಯಂತಹ ಪಂಥಗಳ ಮೂಲಕ ಭಾರತೀಯ ಪರಿಭಾಷೆ ಅಂದಿನ ಜರ್ಮನಿಯಲ್ಲಿ ಹರಡಿದ್ದಕ್ಕೆ ಸಾಕ್ಷಿಯಾಗಿದೆ. ೧೯೧೬ರ ಚಳಿಗಾಲದಲ್ಲಿ, ಸೈನಿಕನಾಗಿದ್ದಾಗ, ಸರ್ಬಿಯದ ರೈತನೊಬ್ಬ ತನ್ನ ತಂದೆ ಸತ್ತ ಮೇಲೂ ಅಲೆಯುವ ಪ್ರೇತವಾಗಿದ್ದನೆಂದು ಹೇಳಿದ ಕಥೆಯನ್ನು ಕೇಳಿದ್ದಾಗಿ ಗ್ರೌ ಬರೆದುಕೊಂಡಿದ್ದಾನೆ. ಇದನ್ನು ಚಿತ್ರದ ಪ್ರಚಾರಕ್ಕಾಗಿ ಕಟ್ಟಿದ ಮಾತೆಂದೇ ತಳ್ಳಿಹಾಕಿದರೂ, ಮೌಖಿಕ ಮೂಲವನ್ನು ತೋರಿಸುವುದರಿಂದ ಕೃತಿಗೆ ಅಧಿಕೃತತೆ ಬರುತ್ತದೆ ಎಂಬ ಅರಿವು ಅದರ ಹಿಂದಿದೆ.

ಹೆನ್ರಿಕ್ ಗಲೇನ್ ಚಿತ್ರಕಥೆ ಬರೆದನು. ಕಥೆ ೧೮೩೮ರ ವಿಸ್‌ಬೋರ್ಗ್ ಎಂಬ ಕಲ್ಪಿತ ಪಟ್ಟಣದಲ್ಲಿ ನಡೆಯುತ್ತದೆ. ಚಿತ್ರೀಕರಣ ವಿಸ್ಮಾರ್, ಲ್ಯೂಬೆಕ್ ಮತ್ತು ಇಂದಿನ ಸ್ಲೊವಾಕಿಯದಲ್ಲಿರುವ ಓರಾವಾ ಕೋಟೆಯಂತಹ ನಿಜವಾದ ಸ್ಥಳಗಳಲ್ಲಿ ನಡೆಯಿತು. ಮೊದಲ ಪ್ರದರ್ಶನ ೧೯೨೨ರ ಮಾರ್ಚ್ ೪ರಂದು ಬರ್ಲಿನ್ನಿನಲ್ಲಾಯಿತು. ಕಾದಂಬರಿಯ ಕೌಂಟ್ ಡ್ರಾಕುಲಾ ಇಲ್ಲಿ ಕೌಂಟ್ ಓರ್ಲೋಕ್ ಆಗಿದ್ದಾನೆ. ಆತ ಹಡಗಿನಲ್ಲಿ ಇಲಿಗಳನ್ನೂ ಪ್ಲೇಗನ್ನೂ ತರುತ್ತಾನೆ. ಈ ಬದಲಾವಣೆಯಿಂದ ಪಿಶಾಚಿ ಮತ್ತೆ ಹದಿನೆಂಟನೆಯ ಶತಮಾನದ ಸರ್ಬಿಯದ ಗ್ರಾಮಗಳಲ್ಲಿದ್ದಂತೆ ಸಾಂಕ್ರಾಮಿಕ ರೋಗದೊಡನೆ ಬೆಸೆದುಕೊಂಡಿತೆಂಬುದು ಗಮನಾರ್ಹ. ಈ ಒಂದು ಅಂಶದಲ್ಲಿ ಚಿತ್ರವು ಕಾದಂಬರಿಗಿಂತ ಜನಪದ ನಂಬಿಕೆಗೆ ಹತ್ತಿರವಾಗಿದೆ.

ಇನ್ನೊಂದು ಬದಲಾವಣೆ ಇದಕ್ಕೆ ವಿರುದ್ಧ ದಿಕ್ಕಿನದು. ಚಿತ್ರದ ಕೊನೆಯಲ್ಲಿ ಸೂರ್ಯನ ಬೆಳಕು ತಾಗಿ ಓರ್ಲೋಕ್ ಕರಗಿಹೋಗುತ್ತಾನೆ. ಬಾಲ್ಕನ್ ಪ್ರದೇಶದ ನಂಬಿಕೆಯಲ್ಲಿ ಪಿಶಾಚಿ ರಾತ್ರಿ ಸಂಚಾರಿ. ಅದನ್ನು ನಾಶಮಾಡಲು ಗೂಟ ನೆಡುವುದು, ಶವವನ್ನು ಸುಡುವುದು ವಾಡಿಕೆ. ಸ್ಟೋಕರನ ಡ್ರಾಕುಲಾ ಹಗಲಿನಲ್ಲಿ ಶಕ್ತಿಗುಂದಿದರೂ ಓಡಾಡಬಲ್ಲನು. ಆತನ ಅಂತ್ಯವಾಗುವುದು ಕತ್ತಿಗಳಿಂದ. ಬಿಸಿಲಿನಿಂದ ಸಾವು ಎಂಬ ಅಂಶ ಮುರ್ನೌನ ಚಿತ್ರದಿಂದ ಪ್ರಚಾರಕ್ಕೆ ಬಂದದ್ದು. ಇಂದು ಅದನ್ನು ಪ್ರಾಚೀನ ನಂಬಿಕೆಯೆಂದೇ ಜನ ತಿಳಿದಿದ್ದಾರೆ. ಜನಪದದಿಂದ ಚಲನಚಿತ್ರ ಪಡೆಯುವಂತೆ ಚಲನಚಿತ್ರದಿಂದ ಜನಪದವೂ ಪಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಸ್ಟೋಕರನ ಕಾದಂಬರಿಯನ್ನು ಆಧರಿಸಿದ್ದೆಂದು ಚಿತ್ರದಲ್ಲೇ ಹೇಳಿಕೊಂಡಿದ್ದರೂ ಅದಕ್ಕೆ ಅನುಮತಿ ಪಡೆದಿರಲಿಲ್ಲ. ಲೇಖಕನ ವಿಧವೆ ಫ್ಲಾರೆನ್ಸ್ ಸ್ಟೋಕರ್ ದಾವೆ ಹೂಡಿದಳು. ಅಷ್ಟರಲ್ಲಿ ಪ್ರಾಣ ಫಿಲ್ಮ್ ದಿವಾಳಿಯಾಗಿತ್ತು. ೧೯೨೫ರಲ್ಲಿ ಜರ್ಮನಿಯ ನ್ಯಾಯಾಲಯ ಚಿತ್ರದ ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂದು ಆದೇಶಿಸಿತು. ಆ ವೇಳೆಗೆ ಹೊರದೇಶಗಳಿಗೆ ಹೋಗಿದ್ದ ಪ್ರತಿಗಳಿಂದಾಗಿ ಚಿತ್ರ ಉಳಿಯಿತು. ಕೃತಿಸ್ವಾಮ್ಯದ ದೃಷ್ಟಿಯಿಂದ ತೀರ್ಪು ಸರಿಯಾದುದೇ. ಆದರೆ ಸರ್ಬಿಯದ ರೈತರಿಂದ ಸೇನಾ ವೈದ್ಯರಿಗೆ, ವೈದ್ಯರಿಂದ ಪತ್ರಿಕೆಗಳಿಗೆ, ಮುಂದೆ ಕಾದಂಬರಿಗೆ ಬಂದ ಕಥನಸರಣಿಯಲ್ಲಿ ಕಾನೂನು ಗುರುತಿಸಿದ್ದು ಕಾದಂಬರಿಕಾರನೊಬ್ಬನನ್ನು ಮಾತ್ರ.

೪. ‘ಕೊನೆಯ ಮನುಷ್ಯ’ನಿಂದ ‘ಫೌಸ್ಟ್’ವರೆಗೆ

೧೯೨೪ರ ಡಿಸೆಂಬರಿನಲ್ಲಿ ತೆರೆಕಂಡ, ‘ಕೊನೆಯ ಮನುಷ್ಯ’ ಎಂಬ ಅರ್ಥದ ಹೆಸರುಳ್ಳ ಚಿತ್ರ ಮುರ್ನೌನಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದಿತು. ಭವ್ಯ ಹೋಟೆಲಿನ ಬಾಗಿಲು ಕಾಯುವ ವೃದ್ಧ ತನ್ನ ಸಮವಸ್ತ್ರವನ್ನು ಕಳೆದುಕೊಂಡು ಶೌಚಾಲಯದ ಪರಿಚಾರಕನಾಗುವುದು ಅದರ ಕಥೆ. ಎಮಿಲ್ ಯಾನಿಂಗ್ಸ್ ಮುಖ್ಯಪಾತ್ರ ವಹಿಸಿದನು. ಕಾರ್ಲ್ ಮೇಯರ್ ಚಿತ್ರಕಥೆ ಬರೆದನು. ಕಾರ್ಲ್ ಫ್ರಾಯಿಂಡ್ ಛಾಯಾಗ್ರಾಹಕನಾಗಿದ್ದನು. ಕ್ಯಾಮೆರಾ ನಿಂತಲ್ಲೇ ನಿಲ್ಲದೆ ಪಾತ್ರದೊಡನೆ ಚಲಿಸುವ ‘ಬಂಧಮುಕ್ತ ಕ್ಯಾಮೆರಾ’ ಪದ್ಧತಿ ಈ ಚಿತ್ರದಿಂದ ಹೆಸರಾಯಿತು. ಮೂಕಿ ಚಿತ್ರಗಳಲ್ಲಿ ಮಾತನ್ನು ತೋರಿಸುವ ಅಕ್ಷರಫಲಕಗಳನ್ನು ಇಲ್ಲಿ ಬಹುತೇಕ ಕೈಬಿಡಲಾಯಿತು.

ಜರ್ಮನಿಯಲ್ಲಿ ಮುರ್ನೌ ನಿರ್ದೇಶಿಸಿದ ಕೊನೆಯ ಚಿತ್ರ ‘ಫೌಸ್ಟ್’ ೧೯೨೬ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ‘ಒಂದು ಜರ್ಮನ್ ಜನಪದ ಐತಿಹ್ಯ’ ಎಂಬ ಅರ್ಥದ ಉಪಶೀರ್ಷಿಕೆ ಅದಕ್ಕಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಊರೂರು ಅಲೆಯುತ್ತಿದ್ದ ಮಾಂತ್ರಿಕನೊಬ್ಬನ ಸುತ್ತ ಹುಟ್ಟಿದ ಕಥೆಗಳನ್ನು ಯೋಹಾನ್ ಸ್ಪೀಸ್ ಎಂಬ ಮುದ್ರಕ ೧೫೮೭ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ಮಾರ್ಲೋ ಅದನ್ನು ನಾಟಕವಾಗಿಸಿದನು. ಇಂಗ್ಲಿಷ್ ನಾಟಕ ಮಂಡಳಿಗಳೊಡನೆ ಕಥೆ ಜರ್ಮನಿಗೆ ಮರಳಿ, ಸೂತ್ರದ ಬೊಂಬೆಯಾಟದ ಜನಪ್ರಿಯ ವಸ್ತುವಾಯಿತು. ಗಯಟೆ ಬಾಲ್ಯ ತಾರುಣ್ಯಗಳಲ್ಲಿ ಅರಿತದ್ದು ಈ ಬೊಂಬೆಯಾಟದ ಫೌಸ್ಟನನ್ನು. ಆತನ ಮಹಾಕೃತಿಯ ಮೊದಲ ಭಾಗ ೧೮೦೮ರಲ್ಲಿಯೂ ಎರಡನೆಯ ಭಾಗ ೧೮೩೨ರಲ್ಲಿಯೂ ಪ್ರಕಟವಾದವು. ಜನಪದ, ಮುದ್ರಣ, ಶಿಷ್ಟ ರಂಗಭೂಮಿ, ಮತ್ತೆ ಜನಪದ, ಮತ್ತೆ ಶಿಷ್ಟ ಕಾವ್ಯ ಎಂಬ ಈ ಚಲನೆ ಮೌಖಿಕ ಮತ್ತು ಲಿಖಿತ ಪರಂಪರೆಗಳು ಪರಸ್ಪರ ಪೂರಕವೆಂಬ ತತ್ತ್ವಕ್ಕೆ ಮಾದರಿ.

ಹಾನ್ಸ್ ಕೀಸರ್ ಬರೆದ ಚಿತ್ರಕಥೆ ಗಯಟೆಯನ್ನಷ್ಟೇ ಅನುಸರಿಸದೆ ಮಾರ್ಲೋನಿಂದಲೂ ಹಳೆಯ ಜನಪ್ರಿಯ ಪುಸ್ತಕದ ಪರಂಪರೆಯಿಂದಲೂ ಅಂಶಗಳನ್ನು ಆಯ್ದುಕೊಂಡಿದೆ. ಚಿತ್ರದ ಆರಂಭದಲ್ಲಿ ಮೆಫಿಸ್ಟೋ ತನ್ನ ಕರಿಯ ನಿಲುವಂಗಿಯನ್ನು ಪಟ್ಟಣದ ಮೇಲೆ ಹರಡುತ್ತಿದ್ದಂತೆ ಪ್ಲೇಗು ಇಳಿಯುತ್ತದೆ. ಜನರನ್ನು ಉಳಿಸಲಾರದ ಹತಾಶೆಯಿಂದ ಫೌಸ್ಟ್ ಸೈತಾನನ ನೆರವು ಕೋರುತ್ತಾನೆ. ೧೫೮೭ರ ಪುಸ್ತಕದಲ್ಲಿ ಫೌಸ್ಟನಿಗೆ ನರಕವೇ ಗತಿ. ಚಿತ್ರದಲ್ಲಿ ಆತ ಗ್ರೆಟ್ಚೆನ್‌ಳೊಡನೆ ಚಿತೆಯಲ್ಲಿ ಸಾಯುತ್ತಾನೆ. ಪ್ರೀತಿ ಎಂಬ ಒಂದೇ ಪದ ಒಪ್ಪಂದವನ್ನು ಮುರಿಯುತ್ತದೆ. ಪಾಪಕ್ಕೆ ಶಿಕ್ಷೆಯೆಂಬ ಎಚ್ಚರಿಕೆಯ ಐತಿಹ್ಯ ಬಿಡುಗಡೆಯ ಕಥೆಯಾಗಿ ಮಾರ್ಪಟ್ಟಿದೆ.

೫. ಹಾಲಿವುಡ್: ‘ಸನ್‌ರೈಸ್’ ಮತ್ತು ಅದರ ನಂತರ

‘ಫೌಸ್ಟ್’ ತೆರೆಕಾಣುವ ಮೊದಲೇ, ೧೯೨೬ರ ಬೇಸಗೆಯಲ್ಲಿ ಮುರ್ನೌ ಅಮೆರಿಕಕ್ಕೆ ತೆರಳಿದನು. ನಿರ್ಮಾಪಕ ವಿಲಿಯಂ ಫಾಕ್ಸ್ ಆತನನ್ನು ಆಹ್ವಾನಿಸಿದ್ದನು. ೧೯೩೩ರ ನಂತರ ನಾತ್ಸಿ ಆಡಳಿತಕ್ಕೆ ಅಂಜಿ ವಲಸೆ ಹೋದವರ ಸ್ಥಿತಿ ಆತನದಾಗಿರಲಿಲ್ಲ. ಅರ್ನ್ಸ್ಟ್ ಲುಬಿಟ್ಷ್ ಮತ್ತು ಸ್ವೀಡನ್ನಿನ ವಿಕ್ಟರ್ ಶೋಸ್ಟ್ರೋಮ್‌ರಂತೆ ಮುರ್ನೌ ಕೂಡ ಕರೆಸಿಕೊಂಡು ಹೋದ ಪೀಳಿಗೆಗೆ ಸೇರಿದವನು.

ಅಲ್ಲಿ ಆತ ನಿರ್ದೇಶಿಸಿದ ಮೊದಲ ಚಿತ್ರ ‘ಸನ್‌ರೈಸ್’ ೧೯೨೭ರ ಸೆಪ್ಟೆಂಬರ್ ೨೩ರಂದು ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಹೆರ್ಮನ್ ಸುಡರ್‌ಮನ್ನನ ‘ಟಿಲ್ಸಿಟ್ ಪ್ರಯಾಣ’ ಎಂಬ ಕಥೆ ಇದಕ್ಕೆ ಆಧಾರ. ಪೂರ್ವ ಪ್ರಷ್ಯದ ಲಿಥುವೇನಿಯನ್ ಜನರ ಬದುಕನ್ನು ಕುರಿತ ಕಥೆಗಳ ಸಂಕಲನದಲ್ಲಿ ಅದು ಪ್ರಕಟವಾಗಿತ್ತು. ಪರಸ್ತ್ರೀಯ ಮೋಹಕ್ಕೆ ಸಿಲುಕಿದ ರೈತ ಹೆಂಡತಿಯನ್ನು ದೋಣಿಯಿಂದ ನೀರಿಗೆ ತಳ್ಳಲು ಹೊರಟು, ಕೈಬಾರದೆ ಪಶ್ಚಾತ್ತಾಪಪಟ್ಟು, ಪಟ್ಟಣದಲ್ಲಿ ಆಕೆಯೊಡನೆ ಮತ್ತೆ ಒಂದಾಗುತ್ತಾನೆ. ಮೂಲಕಥೆಯಲ್ಲಿ ಮರಳುವಾಗ ಗಂಡ ಮುಳುಗಿ ಸಾಯುತ್ತಾನೆ. ಚಿತ್ರದಲ್ಲಿ ಬಿರುಗಾಳಿಗೆ ಸಿಕ್ಕಿದ ಹೆಂಡತಿ ಜೊಂಡಿನ ಕಟ್ಟಿನ ಆಸರೆಯಿಂದ ಬದುಕುಳಿಯುತ್ತಾಳೆ.

ಈ ಸ್ಥಳಾಂತರದಲ್ಲಿ ಕಥೆಯ ನೆಲವೇ ಕಳಚಿಹೋಯಿತು. ಪಾತ್ರಗಳಿಗೆ ಹೆಸರಿಲ್ಲ, ಗಂಡಸು, ಹೆಂಡತಿ, ಪಟ್ಟಣದ ಹೆಂಗಸು ಎಂದಷ್ಟೇ ಅವರನ್ನು ಕರೆಯಲಾಗಿದೆ. ಈ ಘಟನೆ ಎಲ್ಲಿಯಾದರೂ ನಡೆಯಬಹುದೆಂದು ಆರಂಭದ ಫಲಕ ಸೂಚಿಸುತ್ತದೆ. ಕ್ಯಾಲಿಫೋರ್ನಿಯದ ಆರೋಹೆಡ್ ಸರೋವರದ ದಂಡೆಯಲ್ಲಿ ಕಟ್ಟಿಸಿದ ಗ್ರಾಮ ಯುರೋಪಿನದೂ ಅಲ್ಲ, ಅಮೆರಿಕದ್ದೂ ಅಲ್ಲ. ಜನಪದ ಕಥೆಯ ‘ಒಂದಾನೊಂದು ಊರು’ ಎಂಬ ಅನಿರ್ದಿಷ್ಟತೆಗೆ ಇದು ಹೋಲುತ್ತದೆಂದು ಹೇಳಬಹುದು. ಆದರೆ ಜನಪದ ಕಥೆಯ ಅನಿರ್ದಿಷ್ಟ ಊರನ್ನು ಕೇಳುಗರು ತಮ್ಮ ಊರೆಂದು ಭಾವಿಸಬಲ್ಲರು. ಇಲ್ಲಿನ ಊರು ವಿಶ್ವ ಮಾರುಕಟ್ಟೆಯ ಎಲ್ಲ ಪ್ರೇಕ್ಷಕರಿಗೂ ಒಪ್ಪಿಗೆಯಾಗುವಂತೆ ವಿನ್ಯಾಸಗೊಂಡದ್ದು. ಲಿಥುವೇನಿಯನ್ ಬದುಕಿನ ವಿವರಗಳಿಗೆ ಅಲ್ಲಿ ಎಡೆಯಿಲ್ಲ.

೧೯೨೯ರ ಮೇ ೧೬ರಂದು ನಡೆದ ಮೊದಲ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ‘ಸನ್‌ರೈಸ್’ ವಿಶಿಷ್ಟ ಕಲಾತ್ಮಕ ಚಿತ್ರವೆಂದು ಪುರಸ್ಕೃತವಾಯಿತು. ಛಾಯಾಗ್ರಾಹಕರಾದ ಚಾರ್ಲ್ಸ್ ರೋಷರ್ ಮತ್ತು ಕಾರ್ಲ್ ಸ್ಟ್ರಸ್ ಪ್ರಶಸ್ತಿ ಪಡೆದರು. ನಟಿ ಜಾನೆಟ್ ಗೇನರ್ ಇದೂ ಸೇರಿದಂತೆ ಮೂರು ಚಿತ್ರಗಳ ಅಭಿನಯಕ್ಕಾಗಿ ಪ್ರಶಸ್ತಿ ಪಡೆದಳು. ಆದರೂ ವೆಚ್ಚಕ್ಕೆ ತಕ್ಕ ಗಳಿಕೆಯಾಗಲಿಲ್ಲ. ಚಿತ್ರ ತೆರೆಕಂಡ ಎರಡು ವಾರಗಳಲ್ಲಿ, ೧೯೨೭ರ ಅಕ್ಟೋಬರ್ ೬ರಂದು ‘ದಿ ಜಾಸ್ ಸಿಂಗರ್’ ಬಿಡುಗಡೆಯಾಗಿ ವಾಕ್ಚಿತ್ರದ ಯುಗ ಆರಂಭವಾಯಿತು. ಸರ್ಕಸ್ ಕಲಾವಿದರನ್ನು ಕುರಿತ ‘ಫೋರ್ ಡೆವಿಲ್ಸ್’ (೧೯೨೮) ಇಂದು ಲಭ್ಯವಿಲ್ಲ. ಆರೆಗಾನ್ ಪ್ರಾಂತದ ಗೋಧಿ ಹೊಲಗಳಲ್ಲಿ ಚಿತ್ರಿಸಿದ ಮುಂದಿನ ಚಿತ್ರಕ್ಕೆ ‘ಅವರ್ ಡೈಲಿ ಬ್ರೆಡ್’ ಎಂದು ಹೆಸರಿಡುವ ಇಚ್ಛೆ ಮುರ್ನೌನದಾಗಿತ್ತು. ಸಂಸ್ಥೆ ಅದನ್ನು ‘ಸಿಟಿ ಗರ್ಲ್’ ಎಂದು ಬದಲಿಸಿ, ಮಾತಿನ ದೃಶ್ಯಗಳನ್ನು ಸೇರಿಸಿ ೧೯೩೦ರಲ್ಲಿ ಬಿಡುಗಡೆ ಮಾಡಿತು. ಅಷ್ಟರೊಳಗೆ ಮುರ್ನೌ ಫಾಕ್ಸ್ ಸಂಸ್ಥೆಯನ್ನು ತೊರೆದಿದ್ದನು.

೬. ‘ಟಬು’: ದಾಖಲೆ ಮತ್ತು ಕಲ್ಪನೆ

೧೯೨೯ರಲ್ಲಿ ಮುರ್ನೌ ‘ಬಾಲಿ’ ಎಂಬ ತನ್ನ ಹಾಯಿದೋಣಿಯಲ್ಲಿ ದಕ್ಷಿಣ ಸಾಗರದ ದ್ವೀಪಗಳಿಗೆ ಹೊರಟನು. ‘ನಾನೂಕ್ ಆಫ್ ದಿ ನಾರ್ತ್’ (೧೯೨೨) ಮತ್ತು ಸಮೋವಾದ ‘ಮೊಆನಾ’ (೧೯೨೬) ಚಿತ್ರಗಳಿಂದ ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿ ಆತನ ಪಾಲುದಾರ. ಹಣ ಒದಗಿಸಬೇಕಿದ್ದ ಸಂಸ್ಥೆ ಕೈಕೊಟ್ಟಾಗ ಮುರ್ನೌ ತನ್ನ ಸ್ವಂತ ಹಣವನ್ನೇ ತೊಡಗಿಸಿದನು. ದ್ವೀಪವಾಸಿಗಳ ಬದುಕಿನ ದಾಖಲೆ ಫ್ಲಾಹರ್ಟಿಯ ಆಸಕ್ತಿ; ಮುರ್ನೌನಿಗೆ ಬಿಗಿಯಾದ ಕಥೆ ಬೇಕಾಗಿತ್ತು. ಭಿನ್ನಾಭಿಪ್ರಾಯ ಬೆಳೆದು, ಫ್ಲಾಹರ್ಟಿ ಕೊನೆಗೆ ತನ್ನ ಪಾಲನ್ನು ಮುರ್ನೌನಿಗೆ ಮಾರಿ ಹೊರಬಂದನು. ಚಿತ್ರದ ಬಹುಭಾಗವನ್ನು ಚಿತ್ರೀಕರಿಸಿದ ಫ್ಲಾಯ್ಡ್ ಕ್ರಾಸ್ಬಿಗೆ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಬೋರಾ ಬೋರಾ ದ್ವೀಪದ ತರುಣಿ ರೆರಿಯನ್ನು ದೇವರ ಕನ್ನಿಕೆಯಾಗಿ ಆರಿಸಲಾಗಿದೆಯೆಂದು ಹಿರಿಯ ಹಿತು ಸಾರುತ್ತಾನೆ. ಅಂದಿನಿಂದ ಅವಳು ‘ಟಬು’. ಯಾವ ಗಂಡಸೂ ಮುಟ್ಟುವಂತಿಲ್ಲ. ಪ್ರಿಯಕರ ಮತಾಹಿ ಅವಳೊಡನೆ ಮುತ್ತಿನ ವ್ಯಾಪಾರದ ದ್ವೀಪವೊಂದಕ್ಕೆ ಓಡಿಹೋಗುತ್ತಾನೆ. ಅಲ್ಲಿ ಹಣದ ಅರ್ಥ ತಿಳಿಯದೆ ಸಾಲದ ಚೀಟಿಗಳಿಗೆ ಸಹಿ ಹಾಕಿ ಸಿಕ್ಕಿಬೀಳುತ್ತಾನೆ. ರೆರಿ ಹಿತುವಿನೊಡನೆ ಮರಳುತ್ತಾಳೆ; ದೋಣಿಯ ಹಿಂದೆ ಈಜಿಬಂದ ಮತಾಹಿ ಹಿಡಿದ ಹಗ್ಗವನ್ನು ಹಿತು ಕತ್ತರಿಸುತ್ತಾನೆ. ನಿಷೇಧ, ನಿಷೇಧದ ಉಲ್ಲಂಘನೆ, ಫಲ ಎಂಬ ಸರಣಿ ಸ್ಪಷ್ಟವಾಗಿದೆ. ವ್ಲಾದಿಮಿರ್ ಪ್ರಾಪ್ ೧೯೨೮ರಲ್ಲಿ ಪ್ರಕಟಿಸಿದ ಕಿನ್ನರಕಥೆಗಳ ಆಕೃತಿ ವಿಶ್ಲೇಷಣೆಯಲ್ಲಿ ಮೊದಲಿಗೇ ಬರುವ ಕ್ರಿಯಾಘಟಕಗಳಲ್ಲಿ ಇವು ಸೇರಿವೆ.

‘ಟಾಪು’ ಎಂಬ ಪಾಲಿನೇಷ್ಯದ ಪದವನ್ನು ೧೭೭೭ರಲ್ಲಿ ಟೊಂಗಾ ದ್ವೀಪಗಳಲ್ಲಿ ಕೇಳಿದ ಕ್ಯಾಪ್ಟನ್ ಕುಕ್ ಅದನ್ನು ಇಂಗ್ಲಿಷಿಗೆ ತಂದನು. ಜೇಮ್ಸ್ ಫ್ರೇಜರ್‌ನಿಂದ ಅದು ಮಾನವಶಾಸ್ತ್ರದ ಪಾರಿಭಾಷಿಕವಾಯಿತು. ೧೯೧೩ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅದನ್ನು ಮನೋವಿಜ್ಞಾನಕ್ಕೆ ಒಯ್ದನು. ಕನ್ನಡದಲ್ಲಿ ಇದಕ್ಕೆ ‘ನಿಷೇಧ’ ಎಂದು ಬಳಸುವುದು ರೂಢಿ. ಆದರೆ ಟಾಪು ಎಂಬುದರಲ್ಲಿ ಬೇಡವೆಂಬ ಅರ್ಥದ ಜೊತೆಗೆ ಪವಿತ್ರವೆಂಬ ಅರ್ಥವೂ ಇದೆ. ದೇವರಿಗೆ ಮೀಸಲು ತೆಗೆದಿಟ್ಟ ನೀರನ್ನು, ಕಟ್ಟಿದ ಮುಡಿಪನ್ನು ಮುಟ್ಟಬಾರದೆನ್ನುವುದು, ಕೊಡಗಿನ ದೇವರಕಾಡಿನಲ್ಲಿ ಮರ ಕಡಿಯಬಾರದೆನ್ನುವುದು ಅವು ಹೊಲೆಯೆಂದಲ್ಲ, ದೇವರ ಪಾಲೆಂದು. ಈ ದೃಷ್ಟಿಯಿಂದ ‘ಮೀಸಲು’ ಎಂಬ ಕನ್ನಡ ಪದವೇ ಮೂಲಕ್ಕೆ ಹೆಚ್ಚು ಸಮೀಪವಾದುದು.

ಚಿತ್ರದ ಮೊದಲ ಭಾಗ ನಾಗರಿಕತೆ ಸೋಕದ ಸ್ವರ್ಗವನ್ನು ತೋರಿಸುತ್ತದೆ. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಲಂಡನ್ ಮಿಷನರಿಗಳು ಟಹೀಟಿಗೆ ಬಂದದ್ದು ೧೭೯೭ರಲ್ಲಿ. ಫ್ರಾನ್ಸ್ ೧೮೮೦ರಲ್ಲಿ ಟಹೀಟಿಯನ್ನೂ ೧೮೮೮ರಲ್ಲಿ ಬೋರಾ ಬೋರಾವನ್ನೂ ತನ್ನ ವಸಾಹತುವಾಗಿಸಿಕೊಂಡಿತ್ತು. ಚಿತ್ರೀಕರಣದ ಕಾಲಕ್ಕೆ ಅಲ್ಲಿನ ಜನ ಕ್ರೈಸ್ತರಾಗಿ ತಲೆಮಾರುಗಳೇ ಕಳೆದಿದ್ದವು. ತೆರೆಯ ಮೇಲೆ ಕಾಣುವುದು ಅವರ ಅಂದಿನ ಬದುಕಲ್ಲ, ಅವರಿಂದ ಅಭಿನಯ ಮಾಡಿಸಿದ ಗತಕಾಲ. ಇದನ್ನು ಮುರ್ನೌನ ದೋಷವೆಂದು ಮಾತ್ರ ಎಣಿಸುವುದು ನ್ಯಾಯವಲ್ಲ. ದಾಖಲೆಯ ಪಕ್ಷಪಾತಿಯಾಗಿದ್ದ ಫ್ಲಾಹರ್ಟಿಯೂ ‘ಮೊಆನಾ’ದಲ್ಲಿ ಮರೆಯಾಗುತ್ತಿದ್ದ ಹಚ್ಚೆಯ ಆಚರಣೆಯನ್ನು ಚಿತ್ರಕ್ಕಾಗಿಯೇ ಏರ್ಪಡಿಸಿದ್ದನು. ಮುರ್ನೌ ಕಥೆಯೆಂದು ಹೇಳಿ ಕಥೆ ಕಟ್ಟಿದನು. ಅಲ್ಲದೆ, ಸಾಲದ ಚೀಟಿ, ಮುತ್ತಿನ ವ್ಯಾಪಾರ, ಪೊಲೀಸ್ ಅಧಿಕಾರಿಗಳನ್ನು ಒಳಗೊಂಡ ಚಿತ್ರದ ಎರಡನೆಯ ಭಾಗ ವಸಾಹತು ವ್ಯವಸ್ಥೆಯ ವಾಸ್ತವವನ್ನು ಮರೆಮಾಚುವುದಿಲ್ಲ.

ರೆರಿಯ ಪಾತ್ರ ವಹಿಸಿದ ಆನ್ ಶೆವಾಲಿಯೆಯ ಮುಂದಿನ ಜೀವನ ಈ ಚರ್ಚೆಗೆ ಪ್ರಸ್ತುತ. ಚಿತ್ರದ ಯಶಸ್ಸಿನ ನಂತರ ಆಕೆಯನ್ನು ನ್ಯೂಯಾರ್ಕಿನ ಜಿಗ್‌ಫೆಲ್ಡ್ ರಂಗಪ್ರದರ್ಶನಕ್ಕೆ ಕರೆಸಲಾಯಿತು; ೧೯೩೪ರಲ್ಲಿ ಪೋಲೆಂಡಿನ ‘ಕಪ್ಪು ಮುತ್ತು’ ಎಂಬ ಅರ್ಥದ ಹೆಸರಿನ ಚಿತ್ರದಲ್ಲಿ ನಟಿಸಿದಳು. ಕೊನೆಗೆ ಟಹೀಟಿಗೆ ಮರಳಿದಳು. ಮುಟ್ಟಬಾರದವಳೆಂದು ತೆರೆಯ ಮೇಲೆ ಸಾರಲ್ಪಟ್ಟವಳು ತೆರೆಯ ಆಚೆಗೆ ಎರಡು ಖಂಡಗಳ ನೋಟಕ್ಕೆ ವಸ್ತುವಾದಳು.

೭. ಐತಿಹ್ಯಕ್ಕೆ ವಸ್ತುವಾದ ನಿರ್ದೇಶಕ

‘ಟಬು’ ೧೯೩೧ರ ಮಾರ್ಚ್ ೧೮ರಂದು ನ್ಯೂಯಾರ್ಕಿನಲ್ಲಿ ಬಿಡುಗಡೆಯಾಯಿತು. ಅದಕ್ಕೆ ಒಂದು ವಾರ ಮೊದಲು, ಮಾರ್ಚ್ ೧೧ರಂದು, ಸಾಂತಾ ಬಾರ್ಬರಾ ಸಮೀಪದ ಕಾರು ಅಪಘಾತದಲ್ಲಿ ಗಾಯಗೊಂಡಿದ್ದ ಮುರ್ನೌ ತನ್ನ ೪೨ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು. ಬರ್ಲಿನ್ ಬಳಿಯ ಸ್ಟಾನ್ಸ್‌ಡೋರ್ಫ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ.

ದ್ವೀಪದಲ್ಲಿ ಪವಿತ್ರವೆನಿಸಿದ ನೆಲವನ್ನು ಚಿತ್ರತಂಡ ಬಳಸಿಕೊಂಡಿತೆಂದೂ ಹಿರಿಯರ ಎಚ್ಚರಿಕೆಯನ್ನು ಕಡೆಗಣಿಸಿದ್ದಕ್ಕೆ ಈ ಸಾವು ಬಂದಿತೆಂದೂ ಕಥೆ ಹಬ್ಬಿತು. ಚಿತ್ರದೊಳಗಿನ ನಿಷೇಧ, ಉಲ್ಲಂಘನೆ, ಫಲ ಎಂಬ ಸರಣಿಯನ್ನೇ ಜನ ನಿರ್ದೇಶಕನ ಬದುಕಿಗೂ ಅನ್ವಯಿಸಿದರು. ಓರ್ಲೋಕನ ಪಾತ್ರಧಾರಿ ಮ್ಯಾಕ್ಸ್ ಶ್ರೆಕ್ ನಿಜವಾದ ರಕ್ತಪಿಶಾಚಿಯಾಗಿದ್ದನೆಂಬ ವದಂತಿಯೂ ಇದೇ ಬಗೆಯದು. ಆತ ೧೯೩೬ರವರೆಗೆ ಬದುಕಿದ್ದ ವೃತ್ತಿನಿರತ ರಂಗನಟ. ಆದರೂ ಆ ವದಂತಿಯನ್ನೇ ವಸ್ತುವಾಗಿಸಿಕೊಂಡು ೨೦೦೦ರಲ್ಲಿ ‘ಶ್ಯಾಡೋ ಆಫ್ ದಿ ವ್ಯಾಂಪೈರ್’ ಎಂಬ ಚಿತ್ರ ಬಂದಿತು. ೨೦೧೫ರ ಜುಲೈನಲ್ಲಿ ಮುರ್ನೌನ ಸಮಾಧಿಯಿಂದ ಆತನ ತಲೆಬುರುಡೆ ಕಳವಾದದ್ದು ಬೆಳಕಿಗೆ ಬಂದಾಗ ಮಾಟಮಂತ್ರದ ಮಾತುಗಳು ಮತ್ತೆ ಕೇಳಿಬಂದವು. ಆಧುನಿಕ ಸಮಾಜದಲ್ಲಿ ಐತಿಹ್ಯ ನಿರ್ಮಾಣದ ಪ್ರಕ್ರಿಯೆ ನಿಂತಿಲ್ಲವೆಂಬುದಕ್ಕೆ ಇವು ನಿದರ್ಶನಗಳು.

೮. ಸಮಾರೋಪ

ಮುರ್ನೌನ ಚಿತ್ರಗಳಲ್ಲಿ ದೋಣಿ ಮತ್ತು ಹಡಗಿನ ಆಶಯ ಮತ್ತೆ ಮತ್ತೆ ಬರುತ್ತದೆ. ‘ನೊಸ್ಫೆರಾಟು’ವಿನಲ್ಲಿ ಹಡಗು ಸಾವನ್ನು ತರುತ್ತದೆ, ‘ಸನ್‌ರೈಸ್’ನಲ್ಲಿ ದೋಣಿ ಕೊಲೆಯ ಸಂಚಿಗೂ ಪುನರ್ಮಿಲನಕ್ಕೂ ಸಾಧನವಾಗುತ್ತದೆ, ‘ಟಬು’ವಿನಲ್ಲಿ ಹಗ್ಗ ಕತ್ತರಿಸಿಕೊಂಡು ದೂರ ಸರಿಯುತ್ತದೆ. ನೀರನ್ನು ದಾಟಿ ಬಂದದ್ದು ಇರುವ ಬದುಕನ್ನು ಕದಡುತ್ತದೆಂಬ ನಂಬಿಕೆ ಈ ಮೂರರಲ್ಲೂ ಸಮಾನ. ಸ್ಟುಡಿಯೊದ ಒತ್ತಡಗಳ ನಡುವೆಯೂ ಈ ಜನಪದ ಆಶಯ ಆತನಲ್ಲಿ ಉಳಿಯಿತು. ಹಾಗಾಗಿ ಹಾಲಿವುಡ್ ಮುರ್ನೌನನ್ನು ಹಾಳುಮಾಡಿತು ಎಂಬ ಸರಳ ತೀರ್ಮಾನ ಒಪ್ಪತಕ್ಕದ್ದಲ್ಲ. ಅಲ್ಲಿ ಆತ ಕಳೆದುಕೊಂಡದ್ದು ಕಥೆಯ ನೆಲವನ್ನು. ಅದನ್ನು ಮತ್ತೆ ಪಡೆಯಲೆಂದೇ ಸ್ವಂತ ಹಣ ತೊಡಗಿಸಿ ದ್ವೀಪಗಳಿಗೆ ಹೋದನೆಂದು ಭಾವಿಸಲು ಅವಕಾಶವಿದೆ.

ಹಕ್ಕಿನ ಪ್ರಶ್ನೆ ಮಾತ್ರ ಉಳಿದೇ ಇದೆ. ಕಾದಂಬರಿಕಾರನ ವಿಧವೆಗೆ ೧೯೨೫ರಲ್ಲಿ ನ್ಯಾಯ ದೊರೆಯಿತು. ನಂಬಿಕೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸರ್ಬಿಯದ ಗ್ರಾಮಗಳಾಗಲಿ, ತಮ್ಮ ಪೂರ್ವಜರ ಬದುಕನ್ನು ಅಭಿನಯಿಸಿ ತೋರಿಸಿದ ಬೋರಾ ಬೋರಾದ ಜನರಾಗಲಿ ಯಾವ ನ್ಯಾಯಾಲಯದಲ್ಲೂ ಕಕ್ಷಿದಾರರಾಗಲಿಲ್ಲ. ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೊ ಒಡಂಬಡಿಕೆಯೊಂದನ್ನು ಅಂಗೀಕರಿಸಿದ್ದು ೨೦೦೩ರಲ್ಲಿ. ಜನಪದ ಕಥನವನ್ನು ತೆರೆಗೆ ತರುವವರೂ, ಅದನ್ನು ಸಂಗ್ರಹಿಸಿ ಪ್ರಕಟಿಸುವವರೂ ತಾವು ಯಾರಿಂದ ಪಡೆದೆ, ಏನನ್ನು ಬದಲಿಸಿದೆ ಎಂಬುದನ್ನು ದಾಖಲಿಸುವುದು ಅವರ ಮೊದಲ ಹೊಣೆ. ಮುರ್ನೌನ ವೃತ್ತಿಜೀವನದ ಅಧ್ಯಯನ ಜಾನಪದ ಸಂಶೋಧಕರಿಗೆ ನೆನಪಿಸುವುದು ಈ ಹೊಣೆಯನ್ನೇ.